ನೋಡುತ್ತ ನಿಂತವರ ಮೇಲೆ ಕೇಸಿಲ್ಲ, ಮೇಷ್ಟ್ರ ಮೇಲೆ ಯಾಕೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರ ಶಿಕ್ಷಕ. ಪಕ್ಕದ ತಾಲ್ಲೂಕಿನ ಶಾಲೆಯವರು ಏಳನೇ ತರಗತಿಯ ಮಕ್ಕಳನ್ನು ಹೊಲ ತೋರಿಸಲು ಕರೆದುಕೊಂಡು ಹೋಗಿದ್ದಾಗ ಒಬ್ಬ ಹುಡುಗ ಕೃಷಿ ಹೊಂಡಕ್ಕೆ ಬಿದ್ದು ತೀರಿಕೊಂಡ. ದಂಡೆಯ ಮೇಲೆ ಊರಿನ ಹತ್ತು ಹನ್ನೆರಡು ಮಂದಿ ಇದ್ದರು. ಅವರಲ್ಲಿ ಈಜು ಬಲ್ಲವರೂ ಇದ್ದರು, ಇಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಅವರ್ಯಾರ ಮೇಲೂ ಕೇಸಿಲ್ಲ. ಈಜು ಬಾರದ ಇಬ್ಬರು ಶಿಕ್ಷಕರ ಮೇಲೆ, ಆ ದಿನ ಊರಲ್ಲೇ ಇರದಿದ್ದ ಹೊಲದ ಮಾಲೀಕರ ಮೇಲೆ ಎಫ್‌ಐಆರ್ ಆಗಿದೆ. ಏನೂ ಮಾಡದಿದ್ದದ್ದೇ ಅಪರಾಧವಾದರೆ ಅಲ್ಲಿದ್ದವರೆಲ್ಲ ಅಪರಾಧಿಗಳಲ್ಲವೇ? ಮುಂದಿನ ತಿಂಗಳು ನಮ್ಮ ಶಾಲೆಯ ಪ್ರವಾಸವಿದೆ. ಶಿಕ್ಷಕರೆಲ್ಲ ಹೆದರಿ ಕೂತಿದ್ದೇವೆ.

ಉತ್ತರ: ವಿಡಿಯೊ ಮಾಡುತ್ತ ನಿಂತಿದ್ದ ಆ ಇಬ್ಬರನ್ನು ಶಿಕ್ಷಿಸುವ ಕಲಂ ನಮ್ಮ ದೇಶದ ಕಾನೂನಿನಲ್ಲಿ ಇವತ್ತಿಗೂ ಇಲ್ಲ. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ. ಆದರೆ ಶಿಕ್ಷಕರ ಮೇಲೆ ಕೇಸು ಯಾಕಾಯಿತು ಎನ್ನುವುದು ತಿಳಿಯಬೇಕಾದರೆ, ದಂಡೆಯ ಮೇಲಿದ್ದವರ ಮೇಲೆ ಯಾಕಾಗಲಿಲ್ಲ ಎಂಬಲ್ಲಿಂದಲೇ ಶುರು ಮಾಡಬೇಕು.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಂಗಳ ಸಂಖ್ಯೆ ಬದಲಾಗಿದೆ, ಈ ವಿಷಯದ ತಿರುಳು ಮಾತ್ರ 1860ರದ್ದೇ. ಕಾನೂನಿನಲ್ಲಿ ‘ಕೃತ್ಯ’ ಎಂದಿರುವ ಕಡೆಯಲ್ಲೆಲ್ಲ ಕಾನೂನುಬಾಹಿರ ಲೋಪವೂ ಸೇರುತ್ತದೆ ಎಂದು ಹಳೆಯ ಸಂಹಿತೆಯ 32ನೇ ಕಲಂ ಹೇಳುತ್ತಿತ್ತು. ಹೊಸದರ 3ನೇ ಕಲಂ ಹೇಳುವುದೂ ಅದನ್ನೇ. ಅಂದರೆ ಕೊಲ್ಲಲು ಕೈ ಎತ್ತಲೇಬೇಕೆಂದಿಲ್ಲ, ಅನ್ನ ನೀರು ಕೊಡದೆಯೂ ಕೊಲ್ಲಬಹುದು. 1961ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪಂಜಾಬಿನ ಪ್ರಕರಣವೊಂದರಲ್ಲಿ ಗಂಡ ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕಿ ದಿನಗಟ್ಟಲೆ ಉಪವಾಸ ಕೆಡವಿದ್ದ. ಆಕೆ ಹೇಗೋ ತಪ್ಪಿಸಿಕೊಂಡು ಆಸ್ಪತ್ರೆ ಸೇರಿ ಬದುಕಿಕೊಂಡರು. ಅದು ಕೊಲೆಯತ್ನವೇ ಎಂದು ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು.

ಆದರೆ ಬರೀ ಲೋಪ ಸಾಲದು, ಅದು ಕಾನೂನುಬಾಹಿರವಾಗಿರಬೇಕು. ಮಾಡಲೇಬೇಕೆಂಬ ಕಾನೂನಿನ ಬದ್ಧತೆ ಇದ್ದವನು ಮಾಡದೆ ಬಿಟ್ಟರೆ ಅಪರಾಧ. ಬದ್ಧತೆಯೇ ಇಲ್ಲದವನು ಬಿಟ್ಟರೆ ಅದು ಎಷ್ಟೇ ಹೇಯವಾಗಿರಲಿ, ಅಪರಾಧವಲ್ಲ.

ಈ ಗೆರೆ ಎಳೆದವರು ಮೆಕಾಲೆ ಮತ್ತು ಅವರ ಜತೆಗಿದ್ದ ಕಾನೂನು ಆಯೋಗದವರು. ಹಳೆಯ ದಂಡ ಸಂಹಿತೆಯ 1837ರ ಕರಡಿಗೆ ಅವರು ಬರೆದ ಟಿಪ್ಪಣಿಯಲ್ಲಿ ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಉದಾಹರಣೆಯೊಂದಿದೆ. ಹೊಳೆ ದಾಟಲಾಗದಷ್ಟು ಏರಿದೆ. ದಾಟಲು ಹೊರಟವನಿಗೆ ಅದು ಗೊತ್ತಿಲ್ಲ, ಗೊತ್ತಿದ್ದ ಇನ್ನೊಬ್ಬ ಬಾಯಿ ಬಿಡುವುದಿಲ್ಲ. ಸುಮ್ಮನಿದ್ದವನು ಬರೀ ದಾರಿಹೋಕನಾದರೆ ಕೊಲೆಯಲ್ಲ. ದಾರಿ ತೋರಿಸಲು ಒಪ್ಪಿಕೊಂಡು ಜತೆಗೆ ಬಂದವನಾಗಿದ್ದು, ಸಾಯಲಿ ಎಂದೇ ಸುಮ್ಮನಿದ್ದರೆ ಅದು ಕೊಲೆ. ಕೈದಿಗೆ ಊಟ ಕೊಡದ ಜೈಲರು, ಕೂಸಿಗೆ ಹಾಲೂಡದ ದಾದಿ ಅಪರಾಧಿಗಳು. ಭಿಕ್ಷುಕನಿಗೆ ತುತ್ತು ಹಾಕದ ಸಾಹುಕಾರ ಅಪರಾಧಿಯಲ್ಲ. ಒಂದು ಆಪರೇಷನ್ ಮಾಡಬಲ್ಲವನು ಇಡೀ ಹಿಂದೂಸ್ಥಾನಕ್ಕೆ ತಾನೊಬ್ಬನೇ ಆಗಿದ್ದರೂ ಕಲ್ಕತ್ತದಿಂದ ಮೀರತ್‌ಗೆ ಹೋಗಲು ಒಪ್ಪದ ಶಸ್ತ್ರವೈದ್ಯನನ್ನು ಕೊಲೆಗಾರ ಅನ್ನಲಾಗದು ಎಂಬಲ್ಲಿಯವರೆಗೆ ಅವರು ಹೋಗುತ್ತಾರೆ. ಇಂಥ ಕಡೆ ಮನುಷ್ಯರನ್ನು ತಿದ್ದುವ ಕೆಲಸವನ್ನು ಜನಾಭಿಪ್ರಾಯಕ್ಕೂ ನೀತಿ ಧರ್ಮ ಬೋಧಿಸುವವರಿಗೂ ಬಿಡಬೇಕು ಎನ್ನುವುದು ಅವರ ವಾದ.

ದಂಡೆಯ ಮೇಲಿದ್ದ ಊರಿನವರಿಗೂ ಆ ಹುಡುಗನಿಗೂ ಕಾನೂನು ಗುರುತಿಸುವ ಸಂಬಂಧ ಯಾವುದೂ ಇರಲಿಲ್ಲ. ಕೊಲೆಯಂಥ ಕೆಲವು ಗಂಭೀರ ಅಪರಾಧಗಳು ಗೊತ್ತಾದರೆ ಪೊಲೀಸರಿಗೆ ತಿಳಿಸಬೇಕೆಂದು, ತನಿಖೆ ವಿಚಾರಣೆಗಳ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂ ಎಲ್ಲರನ್ನೂ ಕಟ್ಟಿಹಾಕುತ್ತದೆ, ನಿಜ. ಆದರೆ ನೀರಿಗೆ ಬೀಳುವುದು ಅಪರಾಧವಲ್ಲ, ಹಾಗಾಗಿ ಅದು ಇಲ್ಲಿಗೆ ತಾಗುವುದಿಲ್ಲ. ಅವರಲ್ಲಿ ಯಾರಾದರೂ ‘ಧೈರ್ಯವಿದ್ದರೆ ಹಾರು’ ಎಂದು ಹುಡುಗನನ್ನು ಹುರಿದುಂಬಿಸಿದ್ದರೆ, ಇಲ್ಲವೇ ಇಳಿಯಲು ಹೊರಟವರನ್ನು ಹಿಡಿದು ನಿಲ್ಲಿಸಿದ್ದರೆ ಮಾತು ಬೇರೆ. ಅದು ಸುಮ್ಮನಿದ್ದದ್ದಲ್ಲ, ಮಾಡಿದ್ದು. ತನಿಖಾಧಿಕಾರಿ ಆ ವಿಡಿಯೊಗಳನ್ನು ವಶಕ್ಕೆ ಪಡೆದಿದ್ದಾರೆಯೇ ಎಂದು ಹುಡುಗನ ಮನೆಯವರು ಕೇಳಲೇಬೇಕು. ಮಾಡಿದವರ ಮೇಲೆ ಕೇಸಾಗದಿದ್ದರೂ ವಿಡಿಯೊ ಈ ಕೇಸಿನ ಮುಖ್ಯ ಸಾಕ್ಷ್ಯ. ಶಿಕ್ಷಕರು ಎಲ್ಲಿದ್ದರು, ಎಷ್ಟು ಹೊತ್ತಿಗೆ ಬಂದರು, ಬಂದು ಏನು ಮಾಡಿದರು, ಎಲ್ಲ ಅದರಲ್ಲಿ ಇರುತ್ತದೆ. ಅದು ಶಿಕ್ಷಕರನ್ನು ಉಳಿಸಲೂಬಹುದು.

ಈಗ ಶಿಕ್ಷಕರ ವಿಷಯ. ಅವರು ಮೆಕಾಲೆ ಹೇಳಿದ ಆ ಮಾರ್ಗದರ್ಶಿಯ ಜಾಗದಲ್ಲಿದ್ದಾರೆ. ತಂದೆತಾಯಿ ಮಗುವನ್ನು ಶಾಲೆಗೆ ಒಪ್ಪಿಸಿದ ಗಳಿಗೆಯಿಂದ ತಿರುಗಿ ಮನೆ ಸೇರುವವರೆಗೆ ಅದರ ಮೇಲಿನ ನಿಗಾ ಶಿಕ್ಷಕರದು. ಇದನ್ನು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. 1995ರಲ್ಲಿ ಪಂಜಾಬಿನ ಶಾಲೆಯೊಂದರಿಂದ ಬಿಯಾಸ್ ನದಿ ದಡಕ್ಕೆ ಪಿಕ್‌ನಿಕ್ ಹೋದ 14 ಮಕ್ಕಳು ಮುಳುಗಿ ಸತ್ತರು. ಪರಿಹಾರದ ದಾವೆ 2001ರಲ್ಲಿ ಸುಪ್ರೀಂ ಕೋರ್ಟ್ ತಲುಪಿದಾಗ, ಜತೆಗೆ ಹೋದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯ ಆಡಳಿತವೂ ಹೊಣೆ ಎಂದು ತೀರ್ಪಾಯಿತು. ನಮ್ಮಲ್ಲಿ 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ಮುಳುಗಿದಾಗ ಶಿಕ್ಷಕರ ಬಂಧನವಾದದ್ದು ನಿಮಗೆ ನೆನಪಿರಬಹುದು.

ಹಾಗೆಂದು ಈಜು ಬಾರದಿರುವುದು ಅಪರಾಧವಲ್ಲ. ಕಾನೂನು ಆಗದ್ದನ್ನು ಮಾಡು ಎನ್ನುವುದಿಲ್ಲ. ಈಜು ಬಾರದವರು ನೀರಿಗೆ ಹಾರದಿದ್ದರೆ ಯಾವ ಕೋರ್ಟೂ ತಪ್ಪು ಹಿಡಿಯುವುದಿಲ್ಲ, ಹಿಡಿಯಲೂಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಕೋರ್ಟ್ ನೋಡುವುದು ಮುಳುಗಿದ ಆ ಎರಡು ನಿಮಿಷವನ್ನಲ್ಲ, ಅದಕ್ಕೆ ಮುಂಚಿನ ಎರಡು ಗಂಟೆಯನ್ನು. ಹೊಲದಲ್ಲಿ ಹೊಂಡವಿದೆ ಎಂದು ಮೊದಲೇ ಗೊತ್ತಿತ್ತೇ? ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರಿದ್ದರು? ಹೊಂಡದ ಹತ್ತಿರ ಒಬ್ಬರನ್ನಾದರೂ ನಿಲ್ಲಿಸಿದ್ದರೇ? ಊಟಕ್ಕೆ ಕೂರಿಸುವಾಗ ತಲೆ ಎಣಿಸಿದ್ದರೇ? ಬಿದ್ದದ್ದು ಗೊತ್ತಾದ ಮೇಲೆ ಹಗ್ಗವೋ ಸೀರೆಯೋ ಉದ್ದನೆಯ ಗಳವೋ ಚಾಚಿದರೇ, ಊರವರನ್ನು ಕೂಗಿದರೇ, 112ಕ್ಕೋ 108ಕ್ಕೋ ಫೋನ್ ಮಾಡಿದರೇ?

ಇಂಥ ಕೇಸುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಕಾಗದವೆಂದರೆ ಸ್ಥಳ ಮಹಜರು. ಪೊಲೀಸರು ಪಂಚರನ್ನು ಕರೆದುಕೊಂಡು ಹೋಗಿ ಹೊಂಡದ ಉದ್ದ, ಅಗಲ, ಆಳ ಅಳೆಯುತ್ತಾರೆ. ಬೇಲಿ ಇದೆಯೇ, ಇದ್ದರೆ ಎಲ್ಲಿ ಹರಿದಿದೆ, ಫಲಕವಿದೆಯೇ, ಕಾಲುದಾರಿಯಿಂದ ಎಷ್ಟು ದೂರ ಎಂದೆಲ್ಲ ಬರೆದುಕೊಳ್ಳುತ್ತಾರೆ. ಕೃಷಿ ಹೊಂಡದಲ್ಲಿ ಇನ್ನೊಂದು ಸಂಗತಿಯಿದೆ, ಮಹಜರಿನಲ್ಲಿ ಅದು ಎಷ್ಟೋ ಸಲ ಬಿಟ್ಟುಹೋಗುತ್ತದೆ. ನೀರು ಇಂಗದಿರಲಿ ಎಂದು ಒಳಗೆಲ್ಲ ಪಾಲಿಥಿನ್ ಹಾಳೆ ಹೊದಿಸಿರುತ್ತಾರೆ. ಇಳಿಜಾರಿನ ಮೇಲೆ ಹಾಸಿದ ಆ ಹಾಳೆಗೆ ಪಾಚಿ ಕಟ್ಟಿದರೆ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ. ಕೆರೆಯಲ್ಲಿ ಈಜಿ ಬೆಳೆದವನೂ ಅದರಿಂದ ಮೇಲೆ ಹತ್ತಲಾರದೆ ಸೋತು ಮುಳುಗುತ್ತಾನೆ. ಒಂದು ಬದಿಗೆ ಗಂಟು ಹಾಕಿದ ಹಗ್ಗವನ್ನೋ ಹಳೆಯ ಟೈರುಗಳ ಸರವನ್ನೋ ಇಳಿಬಿಟ್ಟಿದ್ದರೆ ಜೀವ ಉಳಿಯುತ್ತದೆ. ಅದು ಇತ್ತೇ ಇರಲಿಲ್ಲವೇ ಎಂಬುದು ಮಾಲೀಕರ ಹೊಣೆಯನ್ನು ತೂಗುವಾಗ ಬಹಳ ಮುಖ್ಯ. ದಂಡೆಯ ಮೇಲಿದ್ದ ಈಜುಗಾರರು ಯಾಕೆ ಇಳಿಯಲಿಲ್ಲ ಎನ್ನುವುದಕ್ಕೂ ಒಂದು ಉತ್ತರ ಇದರಲ್ಲೇ ಇರಬಹುದು. ಅವರನ್ನು ಸಮರ್ಥಿಸುತ್ತಿಲ್ಲ. ಆ ಹಾಳೆಯ ಅಪಾಯ ಊರವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಅಷ್ಟೆ.

‘ಮಾಲೀಕರು ಊರಲ್ಲೇ ಇರಲಿಲ್ಲ’ ಎಂದಿದ್ದೀರಿ. ಲೋಪದ ಕೇಸಿನಲ್ಲಿ ಸ್ಥಳದಲ್ಲಿ ಇಲ್ಲದಿರುವುದು ರಕ್ಷಣೆಯಲ್ಲ. ಬೇಲಿ ಹಾಕಬೇಕಾಗಿದ್ದದ್ದು ಮಗು ಬಿದ್ದ ದಿನವಲ್ಲ, ಹೊಂಡ ತೋಡಿದ ದಿನ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿ ಹೊತ್ತಿದ್ದು ಕೆಳಗಿದ್ದ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರಿನಲ್ಲಿ. ಆದರೆ ಬಾಲ್ಕನಿಯಲ್ಲಿದ್ದವರು ಹೊಗೆಯಲ್ಲಿ ಸಿಕ್ಕಿಬಿದ್ದದ್ದು ಹೊರಬರುವ ದಾರಿ ಇಲ್ಲದೆ. ಬಲಬದಿಯ ನಡುದಾರಿಗೆ ಹೆಚ್ಚುವರಿ ಸೀಟು ಹಾಕಲಾಗಿತ್ತು, ಅತ್ತಲ ಬಾಗಿಲೊಂದು ಖಾಸಗಿ ಬಾಕ್ಸಿನಿಂದ ಮುಚ್ಚಿಹೋಗಿತ್ತು. ಪ್ರೇಕ್ಷಕರನ್ನು ಎಚ್ಚರಿಸುವ ಒಂದು ಘೋಷಣೆಯೂ ಆಗಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಮಾಲೀಕರಾದ ಅನ್ಸಾಲ್ ಸಹೋದರರ ಅಪರಾಧ ಸಾಬೀತಾಗಿದೆ ಎಂದಿತು. ಬೆಂಕಿ ಹಚ್ಚಿದವರು ಅವರಲ್ಲ. ಟಿಕೆಟ್ ಕೊಟ್ಟು ಒಳಗೆ ಕೂರಿಸಿದವರ ಜೀವಕ್ಕೆ ಬೇಕಾದ ಏರ್ಪಾಡು ಮಾಡದೆ ಬಿಟ್ಟದ್ದೇ ಅವರ ಅಪರಾಧ.

ಬೇಲಿ ಹಾಕಲೇಬೇಕೆಂದು ಎಲ್ಲಿ ಬರೆದಿದೆ ಎಂದು ಮಾಲೀಕರ ವಕೀಲರು ಕೇಳುತ್ತಾರೆ. ‘ಕಾನೂನುಬಾಹಿರ’ ಎನ್ನುವುದಕ್ಕೆ ಸಂಹಿತೆಯೇ ಕೊಟ್ಟಿರುವ ಅರ್ಥ ದೊಡ್ಡದು. ಅಪರಾಧವಾದದ್ದು, ಕಾನೂನು ನಿಷೇಧಿಸಿದ್ದು ಮಾತ್ರವಲ್ಲ, ಸಿವಿಲ್ ದಾವೆಗೆ ಕಾರಣವಾಗುವಂಥದ್ದೂ ಅದರಲ್ಲಿ ಸೇರುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಿ ಆಳದ ಹೊಂಡ ತೋಡಿ ಹಾಗೇ ಬಿಟ್ಟರೆ ಪರಿಹಾರದ ದಾವೆ ಹೂಡಬಹುದು. ಹೂಡಬಹುದಾದರೆ ಆ ಲೋಪ ಕಾನೂನುಬಾಹಿರವೇ. ಅದೂ ಅಲ್ಲದೆ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜತೆಗೆ ತಂತಿ ಬೇಲಿಗೂ ಸಹಾಯಧನವಿದೆ. ಈ ಹೊಂಡ ಆ ಯೋಜನೆಯದಾಗಿದ್ದು, ಬೇಲಿಯ ಹಣ ಪಡೆದೂ ಬೇಲಿ ಹಾಕಿಲ್ಲ ಎಂದಾದರೆ ಮಾಲೀಕರ ಸ್ಥಿತಿ ಬಹಳ ಕಷ್ಟದ್ದಾಗುತ್ತದೆ. ಮುಚ್ಚದೆ ಬಿಟ್ಟ ಕೊಳವೆಬಾವಿಯ ವಿಷಯದಲ್ಲಿ ಇಷ್ಟು ವಾದಕ್ಕೂ ಜಾಗವಿಲ್ಲ. ಬಾಯಿ ಮುಚ್ಚಲೇಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೂ 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಕೊಳವೆಬಾವಿಗೆ ಬಿತ್ತು. ಪುಣ್ಯಕ್ಕೆ ಅದನ್ನು ಜೀವಂತ ಮೇಲೆತ್ತಿದರು.

ಮಾಲೀಕರ ಪರವಾಗಿ ಹೇಳಬೇಕಾದದ್ದೂ ಇದೆ. ಲೋಪವಿತ್ತು ಎಂದು ತೋರಿಸಿದರೆ ಮುಗಿಯಲಿಲ್ಲ, ಸಾವಿಗೆ ಆ ಲೋಪವೇ ನೇರ ಕಾರಣ ಎಂದು ಸಾಬೀತಾಗಬೇಕು. ಮುಂಬಯಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು ಏಳು ಕಾರ್ಮಿಕರು ಸತ್ತ ಕುರ್ಬಾನ್ ಹುಸೇನ್ ಪ್ರಕರಣ 60ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಲೈಸೆನ್ಸಿನ ಷರತ್ತು ಮುರಿದದ್ದು ನಿಜ, ಆದರೆ ಬೆಂಕಿಗೆ ನೇರ ಕಾರಣ ಬೇರೆಯವನ ಕೆಲಸ ಎಂದು ನಿರ್ಲಕ್ಷ್ಯದ ಸಾವಿನ ಆರೋಪದಿಂದ ಕಾರ್ಖಾನೆಯ ವ್ಯವಸ್ಥಾಪಕನನ್ನು ಕೋರ್ಟ್ ಬಿಡುಗಡೆ ಮಾಡಿತು. ‘ಮಕ್ಕಳನ್ನು ಹೊಂಡದ ಅಂಚಿಗೆ ತಂದು ಬಿಟ್ಟದ್ದು ಶಿಕ್ಷಕರು, ಬೇಲಿ ಇಲ್ಲದ್ದು ದೂರದ ಕಾರಣ’ ಎಂದು ಈ ಹೊಲದ ಮಾಲೀಕರ ವಕೀಲರು ಈ ತೀರ್ಪನ್ನೇ ಹಿಡಿದು ವಾದಿಸುತ್ತಾರೆ. ಶಿಕ್ಷಕರ ವಕೀಲರು ಬೇಲಿ ಇದ್ದಿದ್ದರೆ ಮಗು ಬೀಳುತ್ತಲೇ ಇರಲಿಲ್ಲ ಎನ್ನುತ್ತಾರೆ. ನನ್ನ ಅನುಭವದಲ್ಲಿ ಇಂಥ ಕೇಸುಗಳು ಗೆಲ್ಲುವುದೂ ಸೋಲುವುದೂ ಈ ಎಳೆದಾಟದಲ್ಲೇ.

ಇನ್ನೊಂದು ಮಾತು. ಪರಿಹಾರದ ದಾವೆಗೆ ಸಾಕಾಗುವಷ್ಟು ಅಜಾಗ್ರತೆ ಜೈಲಿಗೆ ಸಾಲದು. 2005ರ ಜೇಕಬ್ ಮ್ಯಾಥ್ಯೂ ತೀರ್ಪು ವೈದ್ಯರ ಕುರಿತಾದದ್ದಾದರೂ ಅದರ ತತ್ತ್ವ ಎಲ್ಲರಿಗೂ ಹೊಂದುತ್ತದೆ: ಕ್ರಿಮಿನಲ್ ಶಿಕ್ಷೆಗೆ ನಿರ್ಲಕ್ಷ್ಯ ಘೋರವಾಗಿರಬೇಕು. ತಲೆ ಎಣಿಸಿ, ಗುಂಪು ಮಾಡಿ, ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ಗುಂಪು ಒಪ್ಪಿಸಿ, ಆದರೂ ಒಂದು ಮಗು ಕಣ್ತಪ್ಪಿಸಿ ಓಡಿದ್ದರೆ ಅದು ದುರಂತ, ಅಪರಾಧವಲ್ಲ. ಮಕ್ಕಳನ್ನು ಹೊಲದಲ್ಲಿ ಬಿಟ್ಟು ಇಬ್ಬರೂ ಶಿಕ್ಷಕರು ಮರದ ಕೆಳಗೆ ಮೊಬೈಲ್ ನೋಡುತ್ತ ಕೂತಿದ್ದರೆ ಯಾವ ವಕೀಲರೂ ಅವರನ್ನು ಕಾಪಾಡಲಾರರು, ಕಾಪಾಡಬೇಕೆಂದು ನನಗೆ ಅನಿಸುವುದೂ ಇಲ್ಲ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಶಿಕ್ಷಕರ ಪಾಲಿಗೆ ಸುಮ್ಮನಿರುವುದೇ ಅಪರಾಧವಾಗುವ ಇನ್ನೊಂದು ಜಾಗವಿದೆ, ಅದರ ಅರಿವು ಸ್ಟಾಫ್ ರೂಮುಗಳಲ್ಲಿ ತೀರ ಕಡಿಮೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ, ಅದನ್ನು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಇಲ್ಲಿ ದಾರಿಹೋಕ, ಮಾರ್ಗದರ್ಶಿ ಎಂಬ ಭೇದವಿಲ್ಲ. ಮಗು ಒಬ್ಬರನ್ನು ಬಿಟ್ಟು ಉಳಿದೆಲ್ಲರನ್ನೂ ಕಾಯ್ದೆ ಕಟ್ಟಿಹಾಕಿದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದಲ್ಲಿ ಶಾಲೆಯ ಹಾಸ್ಟೆಲಿನ ಆದಿವಾಸಿ ಹುಡುಗಿಯರ ಮೇಲೆ ದೌರ್ಜನ್ಯ ನಡೆದ ವಿಷಯ ಅವರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರಿಗೆ ಗೊತ್ತಿತ್ತು, ತಿಳಿಸಲಿಲ್ಲ ಎಂಬ ಆರೋಪವಿತ್ತು. ಹೈಕೋರ್ಟ್ ಅವರ ಮೇಲಿನ ಎಫ್‌ಐಆರ್ ರದ್ದು ಮಾಡಿದ್ದರೆ 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು.

‘ಶಾಲೆಯ ಮರ್ಯಾದೆ’, ‘ಹುಡುಗಿಯ ಭವಿಷ್ಯ’, ‘ಹೆಡ್‌ಮಾಸ್ಟರಿಗೆ ಹೇಳಿದ್ದೇನೆ, ನನ್ನ ಕೆಲಸ ಮುಗಿಯಿತು’ — ಇವು ಯಾವುವೂ ನಿಮ್ಮನ್ನು ಉಳಿಸುವುದಿಲ್ಲ. ಹೆಡ್‌ಮಾಸ್ಟರು ಬೇಡ ಎಂದರೂ ನೀವೇ ಪೊಲೀಸರಿಗೆ ತಿಳಿಸಬೇಕು. ಮಗು ಹೇಳಿದ್ದು ನಿಜವೋ ಸುಳ್ಳೋ ಎಂದು ನೀವು ವಿಚಾರಣೆ ನಡೆಸಬೇಕಾಗಿಲ್ಲ, ನಡೆಸಲೂಬಾರದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಕ್ರಮವೂ ಇಲ್ಲ ಎಂದು ಕಾಯ್ದೆಯೇ ಅಭಯ ಕೊಟ್ಟಿದೆ. ಯಾರಿಗೆ ಹೇಳುವುದೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ, ಆದರೆ ಪೊಲೀಸರಿಗೆ ತಿಳಿಸುವುದನ್ನು ಬಿಡಬೇಡಿ.

ಕೆಲವರ ಬದ್ಧತೆಯನ್ನು ಕಾನೂನು ಹೆಸರು ಹಿಡಿದೇ ಹೇಳಿದೆ. ಅತ್ಯಾಚಾರ, ಆಸಿಡ್ ದಾಳಿಯಂಥ ದೂರು ಬಂದಾಗ ಎಫ್‌ಐಆರ್ ದಾಖಲಿಸದ ಪೊಲೀಸ್ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಕಲಮಿನಡಿ ಕನಿಷ್ಠ ಆರು ತಿಂಗಳು ಜೈಲು. ಅಂಥ ಸಂತ್ರಸ್ತರಿಗೆ ಚಿಕಿತ್ಸೆ ಕೊಡದ ಆಸ್ಪತ್ರೆಯ ಮುಖ್ಯಸ್ಥರು 200ನೇ ಕಲಮಿಗೆ ಬರುತ್ತಾರೆ. ಅಪಘಾತ ಮಾಡಿದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಂಡು ಪೊಲೀಸರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಅಪಘಾತದಲ್ಲಿ ಸಾವಿಗೆ ಕಾರಣವಾಗಿ ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎನ್ನುವ ನ್ಯಾಯ ಸಂಹಿತೆಯ ಹೊಸ 106(2)ನೇ ಉಪಕಲಂ ಮಾತ್ರ, 2024ರ ಜನವರಿಯ ಲಾರಿ ಮುಷ್ಕರದ ನಂತರ, ಉಳಿದ ಸಂಹಿತೆಯ ಜತೆ ಜಾರಿಗೆ ಬರಲಿಲ್ಲ.

ಮತ್ತೆ ಆ ವಿಡಿಯೊ ಮಾಡಿದವರಿಗೆ ಬರುತ್ತೇನೆ. ಫ್ರಾನ್ಸಿನಲ್ಲಿ, ಜರ್ಮನಿಯಲ್ಲಿ ಅವರು ಕಟಕಟೆ ಹತ್ತುತ್ತಿದ್ದರು. ತನಗಾಗಲಿ ಬೇರೆಯವರಿಗಾಗಲಿ ಅಪಾಯವಿಲ್ಲದೆ ನೆರವಾಗಬಹುದಾಗಿದ್ದೂ ಆಗದವನಿಗೆ ಫ್ರೆಂಚ್ ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲು ಉಂಟು, ಜರ್ಮನಿಯಲ್ಲಿ ಒಂದು ವರ್ಷದವರೆಗೆ. ನಮ್ಮಲ್ಲಿ ಅಂಥ ಕಾನೂನು ಬರಬೇಕೆಂದು ಕೇಳುವವರ ಜತೆ ನಾನು ಅರ್ಧ ದಾರಿ ಹೋಗುತ್ತೇನೆ. ನೀರಿಗೆ ಹಾರು ಎಂದು ಯಾರನ್ನೂ ಒತ್ತಾಯಿಸಬಾರದು. ಆದರೆ ಕೈಯಲ್ಲಿ ಫೋನ್ ಹಿಡಿದೂ 112ಕ್ಕೆ ಒಂದು ಕರೆ ಮಾಡದವನಿಗೆ ಸಣ್ಣ ಶಿಕ್ಷೆಯಾದರೂ ಇರಬೇಕು. ಮೆಕಾಲೆಯ ಶಸ್ತ್ರವೈದ್ಯ ಮೀರತ್‌ವರೆಗೆ ಪ್ರಯಾಣ ಮಾಡಬೇಕಾಗಿತ್ತು, ಇವನಿಗೆ ಬೇಕಾಗಿದ್ದದ್ದು ಮೂರು ಅಂಕಿ ಒತ್ತುವುದು. ಅಷ್ಟು ಮಾಡಿದ್ದಕ್ಕೆ ಠಾಣೆಗೆ ಅಲೆಸುವುದಿಲ್ಲ ಎಂಬ ಭರವಸೆಯೂ ಜತೆಗೆ ಬೇಕು. ರಸ್ತೆ ಅಪಘಾತಗಳಲ್ಲಿ ನೆರವಾದವರಿಗೆ ಆ ರಕ್ಷಣೆಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ, ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 2019ರಲ್ಲಿ ಕೊಟ್ಟಿವೆ. ಮುಳುಗುವವರನ್ನು ಎತ್ತಿದವರಿಗೂ ಅಷ್ಟೇ ಸ್ಪಷ್ಟವಾಗಿ ಅದು ಸಿಗಬೇಕು.

ನಿಮ್ಮ ಪ್ರವಾಸವನ್ನು ರದ್ದು ಮಾಡಬೇಡಿ. ಹೋಗುವ ಜಾಗವನ್ನು ಒಬ್ಬರು ಮೊದಲೇ ನೋಡಿಕೊಂಡು ಬರಲಿ, ನೀರು ಎಲ್ಲೆಲ್ಲಿದೆ ಎಂದು ಬರೆದುಕೊಳ್ಳಲಿ. ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ ಇರಲಿ. ಆದರೆ ಒಪ್ಪಿಗೆ ಪತ್ರಕ್ಕೆ ಪೋಷಕರ ಸಹಿ ಬಿತ್ತೆಂದು ನಿಮ್ಮ ಹೊಣೆ ಇಳಿಯುವುದಿಲ್ಲ. ಯಾವ ಮಗು ಯಾವ ಶಿಕ್ಷಕರ ಗುಂಪಿನಲ್ಲಿ ಎಂಬ ಪಟ್ಟಿ ಮಾಡಿ ಪ್ರತಿಯೊಬ್ಬರ ಸಹಿ ಹಾಕಿಸಿ, ಬಸ್ ಹತ್ತುವಾಗ ಇಳಿಯುವಾಗ ತಲೆ ಎಣಿಸಿ ಹೊತ್ತು ಬರೆದಿಡಿ. ಬಸ್ಸಿನಲ್ಲಿ ಒಂದು ಉದ್ದನೆಯ ಹಗ್ಗವಿರಲಿ. ಕಡಲ ದಂಡೆಯಲ್ಲಿ ಕೆಂಪು ಬಾವುಟ ಇದ್ದರೆ ಪಾದ ನೆನೆಯುವಷ್ಟೂ ಇಳಿಸಬೇಡಿ.

ಆ ಇಬ್ಬರು ಶಿಕ್ಷಕರಿಗೆ ನೀವು ಹೇಳಬೇಕಾದದ್ದು: ಎಫ್‌ಐಆರ್ ಪ್ರತಿ ತೆಗೆದುಕೊಂಡು ಕಲಂ ಯಾವುದೆಂದು ಮೊದಲು ನೋಡಲಿ. ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿನ ಕಲಮಾದ 106(1) ಮಾತ್ರ ಇದ್ದರೆ ಶಿಕ್ಷೆ ಐದು ವರ್ಷದವರೆಗೆ, ಹಳೆಯ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ಆದರೆ ಜಾಮೀನು ಅವರ ಹಕ್ಕು, ಠಾಣೆಯಲ್ಲೇ ಸಿಗುತ್ತದೆ. ಜನರ ಆಕ್ರೋಶ ಜೋರಾಗಿದ್ದಾಗ ಪೊಲೀಸರು ಕೊಲೆಯಲ್ಲದ ಮಾನವ ಹತ್ಯೆಯ 105ನೇ ಕಲಮನ್ನೂ ಸೇರಿಸುವುದುಂಟು. ಅದು ಜಾಮೀನುರಹಿತ, ಹಾಗಿದ್ದರೆ ತಡಮಾಡದೆ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಬೇಕು. ಸಾವು ಆಗಬಹುದೆಂದು ತಿಳಿದೂ ಬಿಟ್ಟರು ಎನ್ನಲು ಆಧಾರವೇ ಇಲ್ಲದಿದ್ದರೆ ಆ ಕಲಂ ಕೈಬಿಡಿಸಲು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬಹುದು. ಮತ್ತು ಆ ದಿನ ಯಾರು ಯಾರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದರೋ ಆ ಕರೆಗಳ ವಿವರವನ್ನು ಮೊಬೈಲಿನಿಂದ ಅಳಿಸದೆ, ಈಗಲೇ ವಕೀಲರ ಕೈಗೆ ಕೊಡಲಿ.